ಹಳದೀಪುರದ ಅರುಣಾ, ತಿಲಕ್ ಮಾರ್ಗದ ತೀರ್ಪು ಮತ್ತು ಐಸಿಯು ಮುಂದಿನ ಪ್ರಶ್ನೆ

ನವದೆಹಲಿ: ತಿಲಕ್ ಮಾರ್ಗದ ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ನೀಡಿದ ಐತಿಹಾಸಿಕ ತೀರ್ಪೊಂದರ ಹಿಂದೆ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳ ಕಥೆಯಿದೆ. ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ಸಫಾಯಿ ಕೆಲಸಗಾರನೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಅವರ ಕತ್ತು ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ಆಮ್ಲಜನಕ ಹೋಗಲಿಲ್ಲ. ಆಗ ಅವರಿಗೆ 25 ವರ್ಷ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ನರ್ಸ್‌ಗಳೇ ಅವರನ್ನು ಮಗುವಿನಂತೆ ನೋಡಿಕೊಂಡರು.

ಅರುಣಾ ಕೋಮಾದಲ್ಲಿದ್ದರು ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಸರಿಯಲ್ಲ. ಕೋಮಾದಲ್ಲಿ ರೋಗಿ ಕಣ್ಣು ತೆರೆಯುವುದಿಲ್ಲ, ಮತ್ತು ಆ ಸ್ಥಿತಿ ಸಾಮಾನ್ಯವಾಗಿ ಕೆಲವು ವಾರಗಳನ್ನು ಮೀರುವುದಿಲ್ಲ. ಆಮೇಲೆ ಕಣ್ಣು ತೆರೆದರೂ, ನಿದ್ದೆ-ಎಚ್ಚರ ಬಂದು ಹೋದರೂ, ಸುತ್ತಲಿನ ಅರಿವಿನ ಸುಳಿವು ಸಿಗದಿದ್ದರೆ ಅದು 'ವೆಜಿಟೇಟಿವ್ ಸ್ಟೇಟ್'. ಸುಪ್ರೀಂ ಕೋರ್ಟ್ ನೇಮಿಸಿದ ಮೂವರು ವೈದ್ಯರು ಅರುಣಾರನ್ನು ಪರೀಕ್ಷಿಸಿ, ಈ ಸ್ಥಿತಿಯ ಬಹುತೇಕ ಲಕ್ಷಣಗಳು ಅವರಲ್ಲಿವೆ ಎಂದರು. ಅದೇ ವರದಿಯಲ್ಲಿ, ಭಕ್ತಿಗೀತೆ ಹಾಕಿದರೆ ಅವರು ಶಾಂತರಾಗುತ್ತಿದ್ದರು ಎಂಬ ಮಾತೂ ಇತ್ತು. ಆ ಒಂದು ಸಾಲು ಓದಿದವರನ್ನು ಇಂದಿಗೂ ಕಾಡುತ್ತದೆ.

ಅರಿವು ಆಗಾಗ ಮಾತ್ರ ಇಣುಕುವ ಮೂರನೆಯ ಸ್ಥಿತಿಯೊಂದಿದೆ. ಕನ್ನಡಿ ಸರಿಸಿದರೆ ನೋಟ ಹಿಂಬಾಲಿಸುತ್ತದೆ, ಹೇಳಿದ ಕೆಲಸವನ್ನು ಒಮ್ಮೆ ಮಾಡಿ ಮತ್ತೊಮ್ಮೆ ಮಾಡುವುದಿಲ್ಲ. ಇದನ್ನು ಗುರುತಿಸುವುದು ಕಷ್ಟ. 2009ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ವೈದ್ಯರು 'ವೆಜಿಟೇಟಿವ್' ಎಂದಿದ್ದ 44 ಮಂದಿಯಲ್ಲಿ 18 ಮಂದಿಗೆ ಅಲ್ಪ ಅರಿವು ಇದ್ದುದು ವಿಶೇಷ ಪರೀಕ್ಷೆಯಿಂದ ತಿಳಿಯಿತು. 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಹೇಳಿದ್ದಕ್ಕೆ ಮೈ ಸ್ಪಂದಿಸದ 241 ಮಂದಿಯಲ್ಲಿ 60 ಮಂದಿಯ ಮಿದುಳು ಮಾತ್ರ ಸ್ಪಂದಿಸಿತ್ತು. ಹಾಗೆಂದು ಎಲ್ಲರೂ ಎದ್ದು ಕೂರುತ್ತಾರೆ ಎಂದಲ್ಲ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು ವರ್ಷದ ನಂತರವೂ ಚೇತರಿಸಿಕೊಂಡದ್ದುಂಟು. ಅರುಣಾರಂತೆ ಆಮ್ಲಜನಕ ಸಿಗದೆ ಮಿದುಳು ಬೆಂದವರಲ್ಲಿ ಆ ಸಾಧ್ಯತೆ ತೀರಾ ಕಡಿಮೆ.

ದೆಹಲಿ, ನೋಯ್ಡಾ, ಗುರುಗ್ರಾಮದ ಕನ್ನಡ ಕುಟುಂಬಗಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ಮಗನ ಮನೆಗೆಂದು ಊರಿನಿಂದ ಬಂದ ತಾಯಿಗೆ ಹಿಂದಿ ಬಾರದು. ಐಸಿಯುನಲ್ಲಿ 'ಹಾಥ್ ಉಠಾಯಿಯೇ' ಎಂದರೆ ಅವರು ಕೈ ಎತ್ತದಿರುವುದಕ್ಕೆ ಕಾರಣ ಮಿದುಳಿನ ಪೆಟ್ಟೇ, ಭಾಷೆಯೇ? ಆದ್ದರಿಂದ ಪರೀಕ್ಷೆಯ ವೇಳೆ ಮನೆಯವರೊಬ್ಬರು ಪಕ್ಕದಲ್ಲಿದ್ದು 'ಅಮ್ಮಾ, ಕೈ ಎತ್ತು' ಎಂದು ಕನ್ನಡದಲ್ಲೇ ಹೇಳಲು ವೈದ್ಯರನ್ನು ಕೇಳಿಕೊಳ್ಳಬೇಕು. ಶ್ರವಣಯಂತ್ರ ಹಾಕಿದೆಯೇ, ನಿದ್ದೆಯ ಔಷಧದ ಪ್ರಭಾವ ಇಳಿದಿದೆಯೇ ಎಂದು ವಿಚಾರಿಸುವುದೂ ಮುಖ್ಯ. ಕೈಗೆ ಬೆರಳು ಕೊಟ್ಟಾಗ ಹಿಡಿಯುವುದು ಬರೀ ಪ್ರತಿವರ್ತನೆ ಇರಬಹುದು. 'ಬಿಡು' ಎಂದಾಗ ಬಿಟ್ಟರೆ ಅದು ಬೇರೆ ಮಾತು. ಅಂಥದ್ದು ಕಂಡರೆ ಸಮಯ ಬರೆದಿಟ್ಟು, ಸಾಧ್ಯವಾದರೆ ಅನುಮತಿ ಪಡೆದು ಮೊಬೈಲ್‌ನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಬೇಕು. ಪರಿಚಿತ ದನಿಯಲ್ಲಿ ಹಳೆಯ ಘಟನೆಗಳನ್ನು ಕೇಳಿಸುವ ಪ್ರಯೋಗ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾಯಿತು. ಕೇವಲ 15 ರೋಗಿಗಳ ಪ್ರಯೋಗವಾದರೂ ಫಲ ಆಶಾದಾಯಕವಾಗಿತ್ತು. ಖರ್ಚಂತೂ ಏನೂ ಇಲ್ಲ.

ಕೋರ್ಟ್ ವಿಷಯಕ್ಕೆ ಬಂದರೆ, ಅರುಣಾಗೆ ಆಹಾರ ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾಣಿ ಸಲ್ಲಿಸಿದ್ದ ಅರ್ಜಿ ತಿರಸ್ಕೃತವಾಯಿತು. ಅವರು ಬದುಕಿರಲಿ ಎಂದ ಕೆಇಎಂ ಸಿಬ್ಬಂದಿಯ ಮಾತಿಗೆ ನ್ಯಾಯಪೀಠ ಮನ್ನಣೆ ನೀಡಿತು. ಆದರೆ ಹೈಕೋರ್ಟ್ ಅನುಮತಿಯೊಂದಿಗೆ ಚಿಕಿತ್ಸೆ ಹಿಂಪಡೆಯಲು ಅದೇ ತೀರ್ಪು ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಸಂವಿಧಾನ ಪೀಠ 'ಲಿವಿಂಗ್ ವಿಲ್'ಗೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ನಿಯಮ ಸಡಿಲವಾಗಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕಾಯಿತು. ಪ್ರಜ್ಞೆ ತಪ್ಪಿದ ಮೇಲೆ ತಮ್ಮ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನೂ ಅದರಲ್ಲಿ ಹೆಸರಿಸಬಹುದು. ಅರುಣಾಗೆ ಅಂಥ ಅವಕಾಶ ಇರಲಿಲ್ಲ.