ಸ್ಯಾಕ್ಸೊಫೋನ್‌ನಾಗ ಗಮಕ ಹೆಂಗ ಬರತದ?

ಗುಂಡಿ ಒತ್ತಿ ನುಡಿಸೋ ಸ್ಯಾಕ್ಸೊಫೋನ್‌ನಾಗ
ಗಮಕ ಬರತದೇನು?

ಬರತದ.
ಕದ್ರಿ ಗೋಪಾಲನಾಥರ ವಾದನ ಕೇಳ್ರಿ.

ನಾಗಸ್ವರದ ಮನೆತನದ ಹುಡುಗ.
ಮೈಸೂರು ಅರಮನೆ ಬ್ಯಾಂಡಿನಾಗ
ಸ್ಯಾಕ್ಸೊಫೋನ್ ಕೇಳಿ ಮನಸೋತರು.

ಆದ್ರ ಗುಂಡಿ ಒತ್ತಿದ್ರ ಬಿಡಿಬಿಡಿ ಸ್ವರ.
ರಾಗಕ್ಕ ಅದು ಸಾಲಂಗಿಲ್ಲ.
ನಮ್ಮ ಗಾಂಧಿ ಗಂಜ್ ಮಾರುಕಟ್ಟೆಯಾಗ ಚೀಲ ಬಾಗಿಸಿದ್ರ
ತೊಗರಿ ಹೆಂಗ ಜಾರತದ,
ಸ್ವರದಿಂದ ಸ್ವರಕ್ಕ ಹಂಗ ಜಾರಬೇಕು. ಅದೇ ಗಮಕ.

ಅದಕ್ಕಂತ ವಾದ್ಯವನ್ನೇ ತಿದ್ದಿಕೊಂಡರು.
ಜೊತಿಗೆ ತುಟಿ ಕೆಲಸನೂ ಅದ: ಸಡಿಲಿಸಿದ್ರ ಸ್ವರ ಇಳೀತದ,
ಬಿಗಿದ್ರ ಏರತದ.
ಕಛೇರಿ ವಿಡಿಯೋದಾಗ
ಬೆರಳಷ್ಟೇ ಅಲ್ಲ, ತುಟಿನೂ ನೋಡ್ರಿ.

1980. ಮುಂಬೈ ಜಾಝ್ ಉತ್ಸವ.
ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ
ಗೋಪಾಲನಾಥರ ಜೋಡಿ ನುಡಿಸಿದರು.

ಮುಂದ 2008ರಾಗ, ರುದ್ರೇಶ್ ಮಹಾಂತಪ್ಪರ
ಜಾಝ್ ಆಲ್ಬಂ, 'ಕಿನ್ಸ್‌ಮನ್'.
ಅದರಾಗ ಗೋಪಾಲನಾಥರೂ ನುಡಿಸ್ಯಾರ. ಇಬ್ಬರ ಕೈಯಾಗೂ ಆಲ್ಟೋ ಸ್ಯಾಕ್ಸ್.
ಇಯರ್‌ಫೋನ್ ಹಾಕ್ಕೊಂಡು ಕೇಳ್ರಿ,
ಯಾರ ಉಸಿರು ಯಾವುದು ಅಂತ
ಕಮೆಂಟಿನಾಗ ಹೇಳ್ರಿ.