ತೂಕದ ಇಳಿತದಿಂದ ಸಕ್ರಿಯಣ ಶಕ್ತಿಯ ಅಂದಾಜು

ಮುನವಳ್ಳಿಗೆ ಹತ್ತಿರದ ಸವದತ್ತಿ ಗುಡ್ಡಗಳ ಕಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು. ಇದೇ ಸಮೂಹದಲ್ಲಿ ಈಶಾನ್ಯಕ್ಕೆ, ಲೋಕಾಪುರ ಮತ್ತು ಬಾಗಲಕೋಟೆಗಳ ಕಡೆ, ಸುಣ್ಣದ ಕಲ್ಲು ದೊರೆಯುತ್ತದೆ. ಅದನ್ನು ಭಟ್ಟಿಯಲ್ಲಿ ಸುಟ್ಟರೆ ಕ್ಯಾಲ್ಸಿಯಂ ಕಾರ್ಬೊನೇಟು ವಿಭಜನೆಗೊಂಡು ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ, ಸುಟ್ಟ ಸುಣ್ಣ ಉಳಿಯುತ್ತದೆ. ಈ ವಿಭಜನೆ ನಡೆಯಲು ದಾಟಬೇಕಾದ ಶಕ್ತಿಯ ತಡೆಯೇ ಸಕ್ರಿಯಣ ಶಕ್ತಿ. ಇದನ್ನು ಅಳೆಯುವುದು ಹೇಗೆ?

ಉಷ್ಣತೂಕ ವಿಶ್ಲೇಷಣೆ, ಅಂದರೆ ಟಿಜಿಎ, ಇದಕ್ಕೊಂದು ದಾರಿ. ಜಪಾನಿನ ಕೊತಾರೊ ಹೋಂಡಾ 1915ರಲ್ಲಿ ಇಂಥ ಉಷ್ಣತಕ್ಕಡಿಯನ್ನು ವಿವರಿಸಿದರು. ಕುಲುಮೆಯೊಳಗಿನ ಪುಟ್ಟ ಬಟ್ಟಲಿನಲ್ಲಿ ಪುಡಿಯನ್ನಿಟ್ಟು, ಉಷ್ಣತೆಯನ್ನು ನಿಯತ ದರದಲ್ಲಿ ಏರಿಸುತ್ತ, ತೂಕವನ್ನು ಸತತವಾಗಿ ದಾಖಲಿಸಲಾಗುತ್ತದೆ. 10 ಮಿಲಿಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟು ಪೂರ್ತಿ ವಿಭಜಿಸಿದಾಗ 4.4 ಮಿಲಿಗ್ರಾಂ ಕಳೆದುಕೊಳ್ಳುತ್ತದೆ. ಇಳಿತ ಇದಕ್ಕಿಂತ ಭಿನ್ನವಾದರೆ ಪುಡಿಯಲ್ಲಿ ತೇವ, ಜೇಡಿ ಅಥವಾ ಡಾಲೊಮೈಟು ಇರಬಹುದೆಂದು ತಿಳಿಯಿರಿ.

ತೂಕ ಅತಿ ವೇಗವಾಗಿ ಇಳಿಯುವ ಉಷ್ಣತೆಯನ್ನು ಶೃಂಗ ಉಷ್ಣತೆ ಎನ್ನೋಣ. ಕಾಯಿಸುವ ದರ ಹೆಚ್ಚಿಸಿದರೆ ಶೃಂಗವೂ ಮೇಲಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆಂಬುದರಲ್ಲಿಯೇ ಸಕ್ರಿಯಣ ಶಕ್ತಿ ಅಡಗಿದೆ. 1957ರಲ್ಲಿ ಅಮೆರಿಕದ ಹೋಮರ್ ಕಿಸಿಂಜರ್ ಸೂಚಿಸಿದ ವಿಧಾನ ಹೀಗಿದೆ: ಕಾಯಿಸುವ ದರವನ್ನು ಶೃಂಗ ಉಷ್ಣತೆಯ ವರ್ಗದಿಂದ ಭಾಗಿಸಿ ಸ್ವಾಭಾವಿಕ ಲಘುಗಣಕ ತೆಗೆದುಕೊಳ್ಳಿ. ಇದನ್ನು ಶೃಂಗ ಉಷ್ಣತೆಯ ವಿಲೋಮಕ್ಕೆ ಎದುರಾಗಿ ನಕ್ಷೆಯಲ್ಲಿ ಗುರುತಿಸಿ. ಸರಳರೇಖೆಯ ಇಳಿಜಾರಿನ ಪರಿಮಾಣವನ್ನು ಅನಿಲ ಸ್ಥಿರಾಂಕ 8.314ರಿಂದ ಗುಣಿಸಿದರೆ ಸಕ್ರಿಯಣ ಶಕ್ತಿ ಜೂಲ್‌ಗಳಲ್ಲಿ ದೊರೆಯುತ್ತದೆ.

ಒಂದು ಕಾಲ್ಪನಿಕ ಉದಾಹರಣೆ. ನಿಮಿಷಕ್ಕೆ 5 ಕೆಲ್ವಿನ್ ದರದಲ್ಲಿ ಶೃಂಗ 1000 ಕೆಲ್ವಿನ್, 20 ಕೆಲ್ವಿನ್ ದರದಲ್ಲಿ 1060 ಕೆಲ್ವಿನ್ ಎಂದಿರಲಿ. ಲಘುಗಣಕಗಳ ವ್ಯತ್ಯಾಸ 1.270, ವಿಲೋಮಗಳ ವ್ಯತ್ಯಾಸ 0.0000566. ಉತ್ತರ ಮೋಲ್‌ಗೆ ಸುಮಾರು 187 ಕಿಲೋಜೂಲ್. ಈಗ ಎರಡನೆಯ ಉಷ್ಣತೆಯನ್ನು ತಪ್ಪಾಗಿ 1065 ಎಂದು ಓದಿದೆವೆನ್ನಿ. ಉತ್ತರ 172ಕ್ಕೆ ಇಳಿಯುತ್ತದೆ! ಐದು ಕೆಲ್ವಿನ್ ತಪ್ಪಿಗೆ 15 ಕಿಲೋಜೂಲ್ ದಂಡ. ಆದ್ದರಿಂದ ಎರಡೇ ಬಿಂದುಗಳ ರೇಖೆಯನ್ನು ನಂಬಬೇಡಿ. ನಾಲ್ಕೈದು ದರಗಳಲ್ಲಿ ಪ್ರಯೋಗ ಮಾಡಿ, ಉಷ್ಣತಾಮಾಪಕವನ್ನು ಮೊದಲೇ ಪರೀಕ್ಷಿಸಿಕೊಳ್ಳಿ.

ಒಂದೇ ದರದ ದತ್ತಾಂಶದಿಂದ ಸಕ್ರಿಯಣ ಶಕ್ತಿ ಪಡೆಯುವ ವಿಧಾನಗಳೂ ಇವೆ. ಅಲ್ಲಿ ಕ್ರಿಯೆಯ ಮಾದರಿಯನ್ನು ನಾವೇ ಊಹಿಸಬೇಕು. ತೊಂದರೆಯೆಂದರೆ, ಭಿನ್ನ ಮಾದರಿಗಳು ಬಹುತೇಕ ಸಮಾನವಾಗಿ ನೇರವಾದ ರೇಖೆಗಳನ್ನು ಕೊಡುತ್ತವೆ, ಸಕ್ರಿಯಣ ಶಕ್ತಿಗಳು ಮಾತ್ರ ಬೇರೆ ಬೇರೆ. ರೇಖೆ ನೇರವಾಗಿದೆ ಎಂಬುದು ಮಾದರಿ ಸರಿಯೆಂಬುದಕ್ಕೆ ಪುರಾವೆಯಲ್ಲ.

ಸುಣ್ಣದ ಕಲ್ಲಿಗೆ ಇನ್ನೊಂದು ತೊಡಕೂ ಇದೆ. ಈ ಕ್ರಿಯೆ ಹಿಮ್ಮುಖವಾಗಿಯೂ ನಡೆಯಬಲ್ಲದು. ಸುತ್ತಲೂ ಒಂದು ವಾತಾವರಣ ಒತ್ತಡದ ಕಾರ್ಬನ್ ಡೈಆಕ್ಸೈಡ್ ತುಂಬಿದ್ದರೆ, ಸುಮಾರು 900 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ವಿಭಜನೆ ಮುಂದುವರಿಯದು. ಅದಕ್ಕೇ ಕೆಲವೇ ಮಿಲಿಗ್ರಾಂ ನುಣುಪು ಪುಡಿಯನ್ನು ತೆಳುವಾಗಿ ಹರಡಿ, ನೈಟ್ರೋಜನ್ ಹರಿಸಿ, ಬಿಡುಗಡೆಯಾದ ಅನಿಲವನ್ನು ಒಡನೆಯೇ ಸಾಗಿಸಬೇಕು.

ಹೀಗಾಗಿ ಟಿಜಿಎಯಿಂದ ದೊರೆಯುವುದು ತೋರಿಕೆಯ ಸಕ್ರಿಯಣ ಶಕ್ತಿ. ವಿದ್ಯಾರ್ಥಿಗಳು ವರದಿಯಲ್ಲಿ ಬರಿಯ ಸಂಖ್ಯೆ ಬರೆದರೆ ಸಾಲದು. ಪುಡಿಯ ತೂಕ, ಕಣದ ಗಾತ್ರ, ಅನಿಲ, ಕಾಯಿಸಿದ ದರಗಳು ಮತ್ತು ದೋಷದ ಮಿತಿ ಜೊತೆಗಿದ್ದರೆ ಮಾತ್ರ ಆ ಸಂಖ್ಯೆಯನ್ನು ಇನ್ನೊಬ್ಬರು ಪರೀಕ್ಷಿಸಬಹುದು.