ಕಳವಾದ ಸೈಕಲ್ಲೂ ಊರಿನ ಕಣ್ಣೂ

ತುಮಕೂರಿನ ಗುಬ್ಬಿ ಗೇಟನ್ನು ಬಿಟ್ಟು ಹೆಗ್ಗೆರೆ, ಮಲ್ಲಸಂದ್ರಗಳನ್ನು ಹಾದು ಗುಬ್ಬಿಗೆ ಹೋಗುವ ಹೆದ್ದಾರಿಯಲ್ಲಾಗಲಿ, ಗೂಳೂರು, ಹೆಬ್ಬೂರುಗಳ ಮೇಲೆ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಾಗಲಿ ಪ್ರಾತಃಕಾಲದಲ್ಲಿ ಸಂಚರಿಸುವವರಿಗೆ, ಲಾರಿ ಬಸ್ಸುಗಳ ಅಬ್ಬರದ ಪಕ್ಕದಲ್ಲಿ ರಸ್ತೆಯ ಮಣ್ಣಂಚನ್ನೇ ತಮ್ಮ ಪಾಲೆಂದು ಒಪ್ಪಿಕೊಂಡು ಸೈಕಲ್ ತುಳಿಯುತ್ತ ಹೋಗುವ ಜನ ಇಂದಿಗೂ ಕಾಣಸಿಗುತ್ತಾರೆ. ಡೈರಿಗೆ ಹಾಲು ಹಾಕಲು ಹೊರಟವರು, ಪತ್ರಿಕೆ ಹಂಚುವ ಹುಡುಗರು, ಪ್ರೌಢಶಾಲೆಯ ಹೆಣ್ಣುಮಕ್ಕಳು, ಬುತ್ತಿಯ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಕೆಲಸಕ್ಕೆ ಬರುವ ಗಾರೆಯವರು ಇವರಲ್ಲಿ ಸೇರಿರುತ್ತಾರೆ. ದೇವರಾಯನದುರ್ಗದ ಕಡೆಯ ದಾರಿಯಲ್ಲಾದರೆ, ದೇಹಾರೋಗ್ಯಕ್ಕಾಗಿಯೂ ಮನಸ್ಸಂತೋಷಕ್ಕಾಗಿಯೂ ಗೇರಿನ ಸೈಕಲ್ಲನ್ನೇರಿ ಬೆಟ್ಟದ ಏರನ್ನು ಹತ್ತುವ ತರುಣರು ರಜಾದಿನಗಳಲ್ಲಿ ಎದುರಾಗುವುದುಂಟು. ಈ ಎರಡು ವರ್ಗದವರ ವಾಹನಗಳ ಬೆಲೆಯಲ್ಲಿ ಅಜಗಜಾಂತರವಿದ್ದರೂ ಅವನ್ನು ಕಳೆದುಕೊಂಡಾಗ ಆಗುವ ವ್ಯಸನ ಒಂದೇ ಜಾತಿಯದು; ಅಂತರವೇನಾದರೂ ಇದ್ದರೆ ಅದು ಬಡವನ ಪಾಲಿಗೆ ಹೆಚ್ಚಾಗಿರುತ್ತದೆ, ಏಕೆಂದರೆ ಸೈಕಲ್ಲಿನೊಡನೆ ಅವನ ಆ ದಿನದ ಕೂಲಿಯೂ, ಮಗಳ ಶಾಲೆಯ ಹಾಜರಿಯೂ ಕಳವಾಗುತ್ತವೆ.

ಕಾನೂನು ಈ ನಷ್ಟವನ್ನು ಹೇಗೆ ಎಣಿಸುತ್ತದೆಂಬುದನ್ನು ಮೊದಲು ತಿಳಿಯುವುದು ಅವಶ್ಯ. 1860ರ ಭಾರತೀಯ ದಂಡ ಸಂಹಿತೆಯ 379ನೆಯ ಕಲಮಿನ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಜಾರಿಯಲ್ಲಿದೆ. ಕಳವಿಗೆ ಮೂರು ವರ್ಷಗಳವರೆಗೆ ಸೆರೆವಾಸವುಂಟೆಂಬ ಹಳೆಯ ನಿಯಮ ಅದರಲ್ಲಿಯೂ ಉಳಿದಿದೆ. ಆದರೆ ಕದ್ದ ವಸ್ತುವಿನ ಮೌಲ್ಯ 5,000 ರೂಪಾಯಿಗಳಿಗಿಂತ ಕಡಮೆಯಿದ್ದು, ಅಪರಾಧಿಯು ಮೊದಲ ಸಲ ತಪ್ಪಿತಸ್ಥನೆನಿಸಿಕೊಂಡವನಾಗಿದ್ದು, ಆ ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದಲ್ಲಿ ಅವನಿಗೆ ಸಮುದಾಯ ಸೇವೆಯನ್ನೇ ಶಿಕ್ಷೆಯಾಗಿ ವಿಧಿಸತಕ್ಕದ್ದೆಂಬ ಹೊಸ ಮಾತು ಸೇರಿದೆ. ಇದರ ಜೊತೆಗೆ, ಇಷ್ಟು ಕಡಮೆ ಮೌಲ್ಯದ ಕಳವು ಈಗ ಅಸಂಜ್ಞೇಯ ಅಪರಾಧಗಳ ಪಟ್ಟಿಯಲ್ಲಿದೆ. ಎಂದರೆ, ಠಾಣೆಯವರು ದೂರಿನ ಸಾರಾಂಶವನ್ನು ಪುಸ್ತಕದಲ್ಲಿ ಬರೆದುಕೊಂಡು ದೂರುದಾರನನ್ನು ನ್ಯಾಯಾಧೀಶರ ಬಳಿಗೆ ಹೋಗುವಂತೆ ತಿಳಿಸಬೇಕಲ್ಲದೆ, ನ್ಯಾಯಾಧೀಶರ ಆಜ್ಞೆಯಿಲ್ಲದೆ ತಾವಾಗಿಯೇ ತನಿಖೆಗೆ ತೊಡಗುವಂತಿಲ್ಲ. ಎರಡು ಮೂರು ವರ್ಷ ತುಳಿದ ಸಾಧಾರಣ ಸೈಕಲ್ಲೊಂದು 5,000 ರೂಪಾಯಿ ಬೆಲೆಬಾಳುವುದು ಅಪರೂಪ. ಆದುದರಿಂದ ಗೇರಿನ ಸೈಕಲ್ಲನ್ನು ಕಳೆದುಕೊಂಡವನಿಗೆ ಪೊಲೀಸಿನ ಪ್ರಥಮ ವರ್ತಮಾನ ವರದಿ ಒದಗುವಂತೆ ಗಾರೆಯವನಿಗೆ ಒದಗುವುದಿಲ್ಲ. ಮೂವತ್ತು ಸಾವಿರದ ಸೈಕಲ್ಲಿಗಿಂತ ಮೂರು ಸಾವಿರದ ಸೈಕಲ್ಲೇ ಅದರ ಒಡೆಯನಿಗೆ ಹೆಚ್ಚು ಅನಿವಾರ್ಯವಾಗಿರುವ ನಾಡಿನಲ್ಲಿ ಈ ವಿಂಗಡಣೆ ನನಗೆ ಸರಿಯೆನಿಸದು. ಆದರೆ ಕಾನೂನು ಹಾಗಿರುವವರೆಗೆ, ತನಿಖೆಯ ಭಾರದ ಬಹುಭಾಗವನ್ನು ನೆರೆಹೊರೆಯವರೇ ಹೊರಬೇಕಾಗುತ್ತದೆ.

ನೆರೆಹೊರೆಯವರು ಹೊತ್ತ ಇಂತಹ ಭಾರದ ಚಿತ್ರ ಲೋಕದ ಕಣ್ಣಮುಂದೆ ಅತ್ಯಂತ ಸ್ಪಷ್ಟವಾಗಿ ನಿಂತಿರುವುದು ಇಟಲಿಯ ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ನಿರ್ಮಿಸಿದ ‘ಬೈಸಿಕಲ್ ಥೀವ್ಸ್’ ಚಲನಚಿತ್ರದಲ್ಲಿ. 1952ರಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾದ ಈ ಚಿತ್ರ ಭಾರತದ ಅನೇಕ ನಿರ್ದೇಶಕರ ದೃಷ್ಟಿಯನ್ನೇ ತಿದ್ದಿತು. ಯುದ್ಧಾನಂತರದ ರೋಮ್ ನಗರದಲ್ಲಿ ಬಹುಕಾಲ ನಿರುದ್ಯೋಗಿಯಾಗಿದ್ದ ಆಂತೋನಿಯೊ ಎಂಬವನಿಗೆ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ದೊರೆಯುತ್ತದೆ. ಕೆಲಸಕ್ಕೆ ಸೈಕಲ್ ಬೇಕು, ಸೈಕಲ್ ಅಡವಿನಲ್ಲಿದೆ. ಹೆಂಡತಿ ಹಾಸಿಗೆಯ ಮೇಲಣ ದುಪ್ಪಟಿಗಳನ್ನು ಒತ್ತೆಯಿಟ್ಟು ಅದನ್ನು ಬಿಡಿಸಿಕೊಡುತ್ತಾಳೆ. ಕೆಲಸದ ಮೊದಲ ದಿನವೇ ಅದು ಕಳವಾಗುತ್ತದೆ. ಠಾಣೆಯಲ್ಲಿ ದೂರನ್ನು ಬರೆದುಕೊಂಡು, ಹುಡುಕಿಕೊಳ್ಳುವ ಕೆಲಸವನ್ನು ಅವನಿಗೇ ಬಿಡುತ್ತಾರೆ. ಆಗ ಅವನ ನೆರವಿಗೆ ಬರುವವನು ಬಯೊಕ್ಕೊ ಎಂಬ ಬೀದಿ ಗುಡಿಸುವ ಗೆಳೆಯ. ಮರುದಿನ ಬೆಳಕು ಹರಿಯುತ್ತಲೇ ಅವನು ತನ್ನ ಜೊತೆಯ ಝಾಡಮಾಲಿಗಳನ್ನು ಕೂಡಿಸಿ ಹಳೆಯ ಸೈಕಲ್ಲುಗಳ ಸಂತೆಗೆ ಕರೆದೊಯ್ಯುತ್ತಾನೆ. ಕದ್ದ ಸೈಕಲ್ಲು ಇಡಿಯಾಗಿ ಮಾರಾಟಕ್ಕೆ ಬರುವುದಿಲ್ಲ, ಬಿಡಿಬಿಡಿಯಾಗಿ ಬರುತ್ತದೆಂಬುದು ಅನುಭವಸ್ಥನಾದ ಅವನಿಗೆ ಗೊತ್ತಿರುವುದರಿಂದ ಒಬ್ಬನಿಗೆ ಟೈರುಗಳನ್ನೂ, ಒಬ್ಬನಿಗೆ ಚೌಕಟ್ಟುಗಳನ್ನೂ, ಆಂತೋನಿಯೊವಿನ ಮಗನಾದ ಬಾಲಕ ಬ್ರೂನೊವಿಗೆ ಪಂಪು ಬೆಲ್ಲುಗಳನ್ನೂ ನೋಡುವಂತೆ ಹಂಚಿಕೊಡುತ್ತಾನೆ. ಚೌಕಟ್ಟೊಂದಕ್ಕೆ ಹೊಸ ಬಣ್ಣ ಬಳಿಯುತ್ತ ಕುಳಿತಿದ್ದ ವ್ಯಾಪಾರಿಯೊಬ್ಬ ಅದರ ಸಂಖ್ಯೆಯನ್ನು ತೋರಿಸಲೊಪ್ಪದೆ ಹೋದಾಗ ಪೊಲೀಸನನ್ನು ಕರೆಸಿ ನೋಡಿಸುತ್ತಾರೆ, ಸಂಖ್ಯೆ ತಾಳೆಯಾಗುವುದಿಲ್ಲ. ಕಡೆಯವರೆಗೂ ಆಂತೋನಿಯೊವಿಗೆ ಸೈಕಲ್ ಸಿಗುವುದಿಲ್ಲ. ಆದರೂ ಕಳವಾದ ಸೈಕಲ್ಲನ್ನು ಹುಡುಕುವ ಶಾಸ್ತ್ರವೆಲ್ಲ ಆ ಒಂದು ಬೆಳಗಿನ ದೃಶ್ಯದಲ್ಲಿ ಅಡಕವಾಗಿದೆಯೆಂದು ನಾನು ಭಾವಿಸುತ್ತೇನೆ: ಬೇಗ ಹೊರಡುವುದು, ವಸ್ತು ಹೋಗಿ ಸೇರುವ ಸ್ಥಳವನ್ನು ಊಹಿಸುವುದು, ಕೆಲಸವನ್ನು ಹಂಚಿಕೊಳ್ಳುವುದು, ಅನುಮಾನ ಬಂದಲ್ಲಿ ಸಂಖ್ಯೆಯನ್ನು ಕೇಳುವುದು, ಕೊಡದಿದ್ದರೆ ಕಾನೂನಿನ ಮನುಷ್ಯನನ್ನು ಕರೆಯುವುದು.

ನಮ್ಮ ಊರುಗಳಲ್ಲಿ ಬಯೊಕ್ಕೊವಿನ ಸ್ಥಾನದಲ್ಲಿ ನಿಲ್ಲಬಲ್ಲವರು ಯಾರು? ಜೊತೆಯಾಗಿ ಸವಾರಿ ಹೋಗುವ ಹವ್ಯಾಸಿಗಳ ತಂಡಗಳನ್ನು ಮಾತ್ರ ಸೈಕಲ್ ಬಳಗವೆಂದು ಕರೆಯುವ ರೂಢಿ ಈಚೆಗೆ ಬೆಳೆದಿದೆ. ಅವರ ಉತ್ಸಾಹ ಶ್ಲಾಘ್ಯವೇ. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಚಿತ್ರ ಬಂದರೆ ಸಾಕು, ಕ್ಯಾತಸಂದ್ರದಿಂದ ಶೆಟ್ಟಿಹಳ್ಳಿಯವರೆಗೆ ಹತ್ತಾರು ಜೊತೆ ಕಣ್ಣುಗಳು ಎಚ್ಚರಗೊಳ್ಳುತ್ತವೆ. ಆದರೆ ನಿಜವಾದ ಬಳಗ ಇದಕ್ಕಿಂತ ವಿಸ್ತಾರವಾದದ್ದು. ರಸ್ತೆಬದಿಯ ಪಂಕ್ಚರ್ ಅಂಗಡಿಯವನು ತಾನು ಟ್ಯೂಬಿಗೆ ಹಾಕಿದ ತೇಪೆಯನ್ನೂ, ತಾನು ಎಳೆದು ಸರಿಮಾಡಿದ ಕಡ್ಡಿಗಳನ್ನೂ ನೋಡಿದೊಡನೆ ಗುರುತಿಸಬಲ್ಲನು. ಗುಜರಿಯವನ ತಕ್ಕಡಿಯ ಮೇಲೆ ಕಬ್ಬಿಣದ ತೂಕಕ್ಕೆ ಬಂದು ಬೀಳುವ ಚೌಕಟ್ಟುಗಳ ಕಥೆ ಅವನಿಗಲ್ಲದೆ ಅನ್ಯರಿಗೆ ತಿಳಿಯದು. ಗುಬ್ಬಿಯಪ್ಪನ ಜಾತ್ರೆಯಂತಹ ಜನಸಂದಣಿಯಲ್ಲಿ ವಾಹನಗಳನ್ನು ಕಾಯುವವನು, ರೈಲುನಿಲ್ದಾಣದ ಸ್ಟ್ಯಾಂಡಿನವನು, ದಿನವೂ ಅದೇ ಬೀದಿಗಳಲ್ಲಿ ಅಲೆಯುವ ಅಂಚೆಯವರು, ಪೌರಕಾರ್ಮಿಕರು ಇವರೆಲ್ಲರೂ ಆ ಬಳಗದವರೇ. ಸಾಧಾರಣ ಸೈಕಲ್ಲು ಕಳವಾದಾಗ ಅದು ದೂರದ ಪಟ್ಟಣಗಳಿಗೆ ಹೋಗಿ ಬರುವಷ್ಟು ಲಾಭದ ಸರಕಲ್ಲ; ನೆರೆಯ ಬಡಾವಣೆಯಲ್ಲೋ ಪಕ್ಕದ ಹಳ್ಳಿಯಲ್ಲೋ ಅಲ್ಪ ಬೆಲೆಗೆ ಕೈಬದಲಾಯಿಸಿ, ಅನೇಕ ವೇಳೆ ಇದೇ ಜನರ ಕಣ್ಣಮುಂದೆಯೇ ಓಡಾಡುತ್ತಿರುತ್ತದೆ. ಹವ್ಯಾಸಿಗಳ ತಂಡದವರು ಈ ಅಂಗಡಿಗಳ ಜನರೊಡನೆ ಪರಿಚಯವನ್ನು ಬೆಳೆಸಿ, ಒಂದು ಫೋನ್ ಸಂಖ್ಯೆಯನ್ನು ಅವರಲ್ಲಿ ಬಿಟ್ಟುಬಂದರೆ ಬಳಗದ ಎರಡು ಅರ್ಧಗಳೂ ಕೂಡಿದಂತಾಗುತ್ತದೆ.

ಗುರುತಿಲ್ಲದ ವಸ್ತುವನ್ನು ಎಷ್ಟು ಕಣ್ಣುಗಳು ನೋಡಿದರೂ ಪ್ರಯೋಜನವಿಲ್ಲ. ಪ್ರತಿಯೊಂದು ಸೈಕಲ್ಲಿನ ಚೌಕಟ್ಟಿನಲ್ಲಿಯೂ ತಯಾರಕರು ಒಂದು ಸಂಖ್ಯೆಯನ್ನು ಅಚ್ಚೊತ್ತುವುದು ವಾಡಿಕೆ. ಸಾಮಾನ್ಯವಾಗಿ ಅದು ಪೆಡಲ್ಲುಗಳ ಅಚ್ಚು ಹಾಯುವ ದಪ್ಪ ಕೊಳವೆಯ ತಳಭಾಗದಲ್ಲಿರುತ್ತದೆ. ಕೆಲವದರಲ್ಲಿ ಸೀಟಿನ ಕೆಳಗಿನ ಕೊಳವೆಯ ಮೇಲಿರುತ್ತದೆ. ಕೆಸರು, ಗ್ರೀಸುಗಳನ್ನು ಒರಸಿ ನೋಡಿದರೆ ಕಾಣುವ ಈ ಸಂಖ್ಯೆ ಬಣ್ಣ ಬದಲಾಯಿಸಿದರೂ, ಸೀಟು, ಮಡ್‌ಗಾರ್ಡು, ಕ್ಯಾರಿಯರುಗಳನ್ನು ಕಳಚಿದರೂ ಉಳಿಯುವಂಥದು. ಟಿಪ್ಪುವಿನ ಕಾಲದಿಂದ ಬಂದ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಹುಟ್ಟಿದ ಜೂಜುಗುದುರೆಯ ಮರಿಯ ತಂದೆತಾಯಿಗಳಾರು, ಹಣೆಯ ಮೇಲಣ ಚುಕ್ಕೆ ಎಷ್ಟು ದೊಡ್ಡದು, ಯಾವ ಕಾಲು ಬಿಳಿದು ಎಂಬುದೆಲ್ಲ ಬರಹದಲ್ಲಿ ಸೇರುವಾಗ, ಅದೇ ಊರಿನ ಹುಡುಗಿಯ ಸೈಕಲ್ಲಿನ ಸಂಖ್ಯೆ ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲದಿರುವುದು ಖೇದಕರ. ಹಿಂದೆ ಹೀಗಿರಲಿಲ್ಲ. ಮೈಸೂರು ಸಂಸ್ಥಾನದ ಪುರಸಭೆಗಳು ಸೈಕಲ್ಲಿಗೆ ವಾರ್ಷಿಕ ತೆರಿಗೆಯನ್ನು ಪಡೆದು ಲೋಹದ ಬಿಲ್ಲೆಯನ್ನು ಕೊಡುತ್ತಿದ್ದುದನ್ನೂ, ಬಿಲ್ಲೆಯಿಲ್ಲದೆಯೋ ದೀಪವಿಲ್ಲದೆಯೋ ಬಂದವರನ್ನು ತಡೆದು ನಿಲ್ಲಿಸುತ್ತಿದ್ದುದನ್ನೂ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಆ ತೆರಿಗೆ ಬಡವರಿಗೆ ಹೊರೆಯೇ ಆಗಿತ್ತು, ಅದು ಹೋದದ್ದು ಒಳ್ಳೆಯದಾಯಿತು. ಆದರೆ ಅದರೊಡನೆ ಯಾವ ಸೈಕಲ್ ಯಾರದೆಂಬ ಸಾರ್ವಜನಿಕ ದಾಖಲೆಯೂ ಹೋಯಿತು. ಡೆನ್ಮಾರ್ಕಿನಲ್ಲಿ 1942ರಿಂದಲೂ ಸೈಕಲ್ಲುಗಳಿಗೆ ಚೌಕಟ್ಟಿನ ಸಂಖ್ಯೆ ಕಡ್ಡಾಯ. ಜಪಾನಿನಲ್ಲಿ 1994ರಿಂದ ಪ್ರತಿಯೊಬ್ಬ ಒಡೆಯನೂ ಸೈಕಲ್ಲನ್ನು ನೋಂದಾಯಿಸಬೇಕು. ಅಂಗಡಿಯಲ್ಲಿಯೇ ನೋಂದಣಿ ನಡೆದು ಚೌಕಟ್ಟಿಗೆ ಒಂದು ಚೀಟಿ ಅಂಟುತ್ತದೆ.

ಇಂತಹ ನೋಂದಣಿ ಅತ್ಯಂತ ಅಗತ್ಯವಾಗಿರುವುದು ನಮ್ಮ ಪ್ರೌಢಶಾಲೆಗಳಲ್ಲಿ. ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2006-07ರಲ್ಲಿ ಆರಂಭಿಸಿದ ಮೇಲೆ, ಗ್ರಾಮಾಂತರದ ಅಸಂಖ್ಯಾತ ಬಾಲಕಿಯರು ಏಳನೆಯ ತರಗತಿಗೆ ಓದು ನಿಲ್ಲಿಸದೆ ಮುಂದುವರಿಯಲು ಅದು ಆಧಾರವಾಯಿತು. ಆದರೆ ಒಂದು ವರ್ಷದಲ್ಲಿ ಬಂದ ಸೈಕಲ್ಲುಗಳೆಲ್ಲ ಒಂದನ್ನೊಂದು ಹೋಲುತ್ತಿದ್ದುದರಿಂದ, ಸಾಲಾಗಿ ನಿಲ್ಲಿಸಿದ ನೂರು ಸೈಕಲ್ಲುಗಳಲ್ಲಿ ತನ್ನದಾವುದೆಂದು ಗುರುತಿಸಲು ಮಗುವೊಂದು ಹ್ಯಾಂಡಲ್ಲಿಗೆ ರಿಬ್ಬನ್ ಕಟ್ಟಬೇಕಾಗುತ್ತಿತ್ತು. ರಿಬ್ಬನ್ನನ್ನು ಬಿಚ್ಚುವುದಕ್ಕೆ ಕಳ್ಳನಿಗೆ ಎಷ್ಟು ಹೊತ್ತು ಬೇಕು?

ಕಳವು ನಡೆದ ಮೇಲೆ ಮಾಡತಕ್ಕ ಕೆಲಸಗಳಲ್ಲಿ ಮೊದಲಿನದು, ಮೌಲ್ಯ ಕಡಮೆಯೆಂದು ಹಿಂಜರಿಯದೆ ಠಾಣೆಯಲ್ಲಿ ಲಿಖಿತವಾಗಿ ತಿಳಿಸಿ ಸ್ವೀಕೃತಿಯನ್ನು ಪಡೆಯುವುದು. ಸೈಕಲ್ಲು ಮುಂದೊಮ್ಮೆ ಸಿಕ್ಕಾಗ ಅದು ನಿಮ್ಮದೆಂಬುದಕ್ಕೆ ಆ ಕಾಗದವೂ, ಖರೀದಿಯ ರಸೀದಿಯೂ, ಸಂಖ್ಯೆ ಕಾಣುವ ಚಿತ್ರವೂ ಸಾಕ್ಷಿಯಾಗುತ್ತವೆ. ಬಳಿಕ ಬಳಗದವರಿಗೆ ಚಿತ್ರವನ್ನು ಕಳುಹಿಸಬೇಕು. ಸಂಖ್ಯೆಯ ಕೊನೆಯ ಕೆಲವು ಅಂಕೆಗಳನ್ನೂ, ನಿಮಗಷ್ಟೇ ತಿಳಿದ ಒಂದು ಗುರುತನ್ನೂ ಬಹಿರಂಗಪಡಿಸದೆ ಉಳಿಸಿಕೊಳ್ಳುವುದು ಲೇಸು; ತಮ್ಮದೆಂದು ಹೇಳಿಕೊಂಡು ಬರುವ ಇತರರನ್ನು ಪರೀಕ್ಷಿಸಲು ಅದು ನೆರವಾಗುತ್ತದೆ. ಎಲ್ಲಿಯಾದರೂ ಕಣ್ಣಿಗೆ ಬಿದ್ದರೆ ನೋಡಿದವರು ಅದನ್ನು ಸೆಳೆದುಕೊಳ್ಳಲು ಹೋಗದೆ, ಸ್ಥಳವನ್ನೂ ಹೊತ್ತನ್ನೂ ಗುರುತು ಹಾಕಿಕೊಂಡು 112ಕ್ಕೆ ಕರೆಮಾಡತಕ್ಕದ್ದು. ಕದ್ದ ಮಾಲೆಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೋ ಕೊಂಡುಕೊಳ್ಳುವುದು ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ ಅಪರಾಧವೆಂಬುದನ್ನು ಹಳೆಯ ಸೈಕಲ್ ಕೊಳ್ಳುವವರೂ ಮಾರುವವರೂ ನೆನಪಿನಲ್ಲಿಡಬೇಕು. ಪೊಲೀಸರು ವಶಪಡಿಸಿಕೊಂಡ ವಸ್ತು ಠಾಣೆಯ ಅಂಗಳದಲ್ಲಿ ತುಕ್ಕುಹಿಡಿಯುತ್ತ ಬೀಳುವ ಭಯ ಅನೇಕರಿಗಿದೆ. ಜಪ್ತಿಯಾದ ವಸ್ತುಗಳನ್ನು ಅನಗತ್ಯವಾಗಿ ಬಹುಕಾಲ ಇರಿಸಿಕೊಳ್ಳಬಾರದೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಅರ್ಜಿ ಕೊಡಲು ಹಿಂಜರಿಯಬೇಕಾದುದಿಲ್ಲ. ಬಳಗದಲ್ಲಿ ಒಬ್ಬ ವಕೀಲರಿದ್ದರೆ, ಅಂತಹ ಒಂದು ಅರ್ಜಿಯನ್ನು ಬರೆದುಕೊಡುವುದು ಬಡ ಒಡೆಯನಿಗೆ ಅವರು ಮಾಡಬಹುದಾದ ದೊಡ್ಡ ಉಪಕಾರ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗುಂಪಾಗಿ ಹುಡುಕುವವರು ಗುಂಪಾಗಿ ಹೊಡೆಯುವವರಾಗಿ ಮಾರ್ಪಡಲು ಕ್ಷಣಕಾಲ ಸಾಕು. ಸೈಕಲ್ಲಿನ ಮೇಲೆ ಸಿಕ್ಕಿದವನು ಕದ್ದವನೇ ಆಗಿರಬೇಕಾಗಿಲ್ಲ, ಅರಿಯದೆ ಕೊಂಡವನಾಗಿರಬಹುದು. ಕದ್ದವನೇ ಆಗಿದ್ದರೂ ಹದಿಹರೆಯದ ಹುಡುಗನಾಗಿರಬಹುದು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ದಿನಗಳಲ್ಲಿ, ರಾಜಸ್ಥಾನದ ಭರತಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಮನೆಯ ಮುಂದಿನಿಂದ ಸೈಕಲ್ಲೊಂದು ಕಾಣೆಯಾದಾಗ ಅಲ್ಲಿ ಒಂದು ಪತ್ರ ಸಿಕ್ಕಿತು. ತನ್ನ ಮಗ ನಡೆಯಲಾರದ ಅಂಗವಿಕಲನೆಂದೂ, ಬರೇಲಿಯವರೆಗೆ ಹೋಗಲು ಬೇರೆ ದಾರಿಯಿಲ್ಲದೆ ಇದನ್ನು ಒಯ್ಯುತ್ತಿರುವೆನೆಂದೂ, ಕ್ಷಮಿಸಬೇಕೆಂದೂ ವಲಸೆ ಕಾರ್ಮಿಕನೊಬ್ಬ ಬರೆದಿಟ್ಟಿದ್ದನು. ಡಿ ಸಿಕಾನ ಚಿತ್ರದ ಅಂತ್ಯದಲ್ಲಿಯೂ, ಹತಾಶನಾದ ಆಂತೋನಿಯೊ ತಾನೇ ಒಂದು ಸೈಕಲ್ಲನ್ನು ಕದಿಯಹೋಗಿ ಜನರ ಕೈಗೆ ಸಿಕ್ಕಿಬಿದ್ದಾಗ, ಆ ಸೈಕಲ್ಲಿನ ಒಡೆಯ ಅಳುತ್ತ ನಿಂತ ಬಾಲಕ ಬ್ರೂನೊವಿನ ಮುಖವನ್ನು ನೋಡಿ ದೂರು ಕೊಡಲೊಲ್ಲದೆ ಬಿಟ್ಟುಬಿಡುತ್ತಾನೆ. ಎಲ್ಲ ಕಳವುಗಳೂ ಇಂತಹವಲ್ಲ; ಬೀಗ ಕತ್ತರಿಸಿ ವ್ಯಾಪಾರಕ್ಕಾಗಿಯೇ ಕದಿಯುವವರಿಗೆ ಕಾನೂನಿನ ಶಿಕ್ಷೆ ಆಗಲೇಬೇಕು. ಆದರೆ ಶಿಕ್ಷೆಯನ್ನು ನಿರ್ಣಯಿಸುವ ಅಧಿಕಾರ ನ್ಯಾಯಾಲಯದ್ದು. ವಸ್ತುವನ್ನು ಕಂಡುಹಿಡಿದು ಒಡೆಯನಿಗೆ ಮುಟ್ಟಿಸುವಲ್ಲಿಗೆ ಬಳಗದ ಕರ್ತವ್ಯ ಮುಗಿಯುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿಯಿದೆ. ಶಾಲೆ ತೆರೆಯುವ ತಿಂಗಳಲ್ಲಿ ಒಂದು ಮಧ್ಯಾಹ್ನವನ್ನು ಮೀಸಲಿಟ್ಟು, ಮಕ್ಕಳ ಸೈಕಲ್ಲುಗಳನ್ನು ಅಂಗಳದಲ್ಲಿ ಮಗುಚಿ ನಿಲ್ಲಿಸಿ, ಪ್ರತಿಯೊಂದರ ಚೌಕಟ್ಟಿನ ಸಂಖ್ಯೆಯನ್ನು ಮಗುವಿನ ಹೆಸರಿನ ಮುಂದೆ ಒಂದು ರಿಜಿಸ್ಟರಿನಲ್ಲಿ ಬರೆಸಬೇಕು. ಅದರ ಒಂದು ಪ್ರತಿಯನ್ನು ಹತ್ತಿರದ ಠಾಣೆಗೆ ಕಳುಹಿಸಿಕೊಡಬೇಕು. ಊರಿನ ಹವ್ಯಾಸಿ ಸವಾರರು ಆ ಮಧ್ಯಾಹ್ನ ಬಟ್ಟೆಯ ಚೂರು, ಸೀಮೆಎಣ್ಣೆಗಳೊಡನೆ ಬಂದು ಕೈಗೂಡಿಸಿದರೆ ನೂರು ಸೈಕಲ್ಲುಗಳ ಕೆಲಸ ಸಂಜೆಯೊಳಗೆ ಮುಗಿಯುತ್ತದೆ. ಖರ್ಚು ಒಂದು ನೋಟು ಪುಸ್ತಕದ್ದು.